ಕೊರಳ ಸುತ್ತಿನ ಹನ್ನೆರಡು ಹಕ್ಕಿ

"ಗುರುಗಳೇ, ನೀವು ಒಂದೇ ಹೊತ್ತು ಉಣ್ಣುತ್ತೀರಿ, ನಾನೂ ಒಂದೇ ಹೊತ್ತು ಉಣ್ಣುತ್ತೇನೆ. ನೀವು ಬರಿ ನೆಲದ ಮೇಲೆ ಮಲಗುತ್ತೀರಿ, ನಾನೂ ಮಲಗುತ್ತೇನೆ. ನಿಮ್ಮಂತಾಗಲು ನನಗೆ ಇನ್ನೇನು ಉಳಿದಿದೆ?"

ಹೀಗೆ ಕೇಳಿದವನು ಮರುಳಯ್ಯ, ಮಠಕ್ಕೆ ಬಂದು ಒಂದು ವರ್ಷವಾದ ಶಿಷ್ಯ. ಗುರುಗಳು ಅವನ ಬಾಡಿದ ಮುಖ ನೋಡಿ, ಕಷ್ಟವಾಗುತ್ತಿದೆಯೇ ಎಂದು ವಿಚಾರಿಸಿದರು. ಏನಿಲ್ಲ, ಚೆನ್ನಾಗಿದ್ದೇನೆ ಎಂದ. ಹಾಗಾದರೆ ಕೂತುಕೋ, ನಡುನಡುವೆ ತಲೆಯಾಡಿಸಬೇಡ, ನನಗೆ ಕತೆ ಮರೆತುಹೋಗುತ್ತದೆ ಎಂದು ಗದರಿಸಿ ಗುರುಗಳು ಶುರುಮಾಡಿದರು.

ಬೆಟ್ಟದ ಮೇಲಿನ ಒಂದೂರಿನಲ್ಲಿ ಒಬ್ಬ ಕುರಿಗಾಹಿಯಿದ್ದ. ಅವನಿಗೆ ಒಬ್ಬಳೇ ಮಗಳು. ಅಲ್ಲಿಯ ಮಂಜಿನಲ್ಲಿ ಮನುಷ್ಯರ ಬಟ್ಟೆಯ ಬಣ್ಣ ಮೊದಲು ಕಾಣುತ್ತದೆ, ಮುಖ ಆಮೇಲೆ. ಅದಕ್ಕೇ ಒಂದೊಂದು ಮನೆಯ ದೊಡ್ಡವರೂ ಮಕ್ಕಳೂ ಕೊರಳ ಸುತ್ತ, ಹೆಗಲವರೆಗೂ ಒಂದೇ ಚಿತ್ರವಿರುವ ಸ್ವೆಟರ್ ಹೆಣೆದು ತೊಡುತ್ತಿದ್ದರು. ದಾರಿ ತಪ್ಪಿದ ಮಗುವನ್ನು ಕಂಡವರು ಆ ಚಿತ್ರ ನೋಡಿ ಮನೆ ಮುಟ್ಟಿಸುತ್ತಿದ್ದರು. ಕುರಿಗಾಹಿಯ ಮನೆಯದು ಬಿಳಿ ಉಣ್ಣೆಯ ಮೇಲೆ ನೀಲಿ ಹಕ್ಕಿಗಳ ಸಾಲು.

ಆ ವರ್ಷ ಹಿಮ ಬೀಳುವ ಮುಂಚೆ ಮಗಳು ಮೊದಲ ಸಲ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಬೆಟ್ಟ ದಾಟಬೇಕಿತ್ತು. ಅವಳ ಸ್ವೆಟರನ್ನು ಅವನೇ ಹೆಣೆಯಲು ಕೂತ. ತನ್ನದರಲ್ಲಿ ಹನ್ನೆರಡು ಹಕ್ಕಿ, ಅವಳದರಲ್ಲೂ ಹನ್ನೆರಡೇ ಇರಬೇಕು. ಮಗುವಿನ ಮೈ ಸಣ್ಣದು, ಅಷ್ಟು ಹಿಡಿಸುವುದು ಹೇಗೆ? ಎರಡು ಬಣ್ಣ ಹೆಣೆಯುವಾಗ ಒಂದು ನೂಲು ಒಳಗಡೆ ಹಾಯುತ್ತದೆ. ಅದನ್ನು ಸಡಿಲ ಬಿಟ್ಟರೆ ಮಾತ್ರ ಸ್ವೆಟರ್ ಹಿಗ್ಗುತ್ತದೆ. ಈ ಪುಣ್ಯಾತ್ಮ ಅದನ್ನು ಜಗ್ಗಿ ಜಗ್ಗಿ ಹನ್ನೆರಡನ್ನೂ ಕೂರಿಸಿದ. ಹೊರಗಿನಿಂದ ನೋಡಲು ಬಲು ಚೆಂದ.

ಮಗಳು ಹೇಗೋ ತಲೆ ತೂರಿಸಿದಳು. ಸರಿಯಾಗಿದೆಯೇ ಎಂದು ಅಪ್ಪ ಕೇಳಿದ. ಅವನ ಸಂತೋಷ ನೋಡಿ, ಚೆನ್ನಾಗಿದೆ ಎಂದಳು.

ಬೆಟ್ಟದಲ್ಲಿ ಮಂಜು ಇಳಿಯಿತು. ಕುರಿಗಳು ಮಂಜಾದವು, ಮಂಜೇ ಕುರಿಗಳಾಗಿ ನಡೆಯಿತು. ಅಪ್ಪ ಒಂದು ಬಂಡೆ ಹತ್ತಿ, ಬಗ್ಗಿ ಕೈ ಚಾಚಿ ಮಗಳನ್ನು ಕರೆದ. ಅವಳ ಕೈ ಬರಲಿಲ್ಲ. ಕೆಳಗೆ ನೀಲಿ ಹಕ್ಕಿಗಳ ಸಾಲೊಂದು ಮೆಲ್ಲಗೆ ಹಿಂದಕ್ಕೆ ಜಾರುವುದಷ್ಟೇ ಕಂಡಿತು. ಧುಮುಕಿ ಅವಳನ್ನು ತಬ್ಬಿ ಹಿಡಿದ. ಒಂದು ಹೆಜ್ಜೆ ಆಚೆಗೆ ಪ್ರಪಾತ. ಕೈ ಯಾಕೆ ಕೊಡಲಿಲ್ಲವೆಂದು ಕೇಳಿದ.

"ಕೈ ಮೇಲೇಳುವುದಿಲ್ಲಪ್ಪ. ಹಕ್ಕಿಗಳು ಬಿಗಿಯಾಗಿ ಹಿಡಿದುಕೊಂಡಿವೆ."

ಅವನು ಅಳುತ್ತಲೇ ತನ್ನ ಸ್ವೆಟರನ್ನು ಅವಳಿಗೆ ತೊಡಿಸಿ, ಬಂಡೆಯ ಮರೆಯಲ್ಲಿ ಕೂತು ಅವಳದನ್ನು ಕೊರಳಿನಿಂದ ಬಿಚ್ಚಿದ. ಜೋಳಿಗೆಯಲ್ಲಿದ್ದ ಹೆಣಿಗೆ ಕಡ್ಡಿ ತೆಗೆದು, ನೂಲು ಸಡಿಲ ಬಿಟ್ಟು ಮತ್ತೆ ಹೆಣೆದ. ಎಂಟೇ ಹಕ್ಕಿ ಹಿಡಿಸಿದವು. ಅಷ್ಟು ಹೊತ್ತೂ ಹಿಮ ಬೀಳದೆ ಕಾದಿತ್ತು. ಉಳಿದ ನಾಲ್ಕು ಎಲ್ಲಿ ಎಂದು ಮಗಳು ಕೇಳಿದಳು. ಅವನು ಮಂಜಿನತ್ತ ತೋರಿಸಿದ. ಅವಳು ಎರಡೂ ಕೈ ಎತ್ತಿ ಅವುಗಳನ್ನು ಕರೆಯುತ್ತ ನಡೆದಳು.

ಆಚೆ ಊರಿನವರು ದೂರದಿಂದಲೇ, ಅಗೋ ಅಪ್ಪ ಮಗಳು ಬಂದರು ಎಂದರು. ಹಕ್ಕಿಗಳನ್ನು ಯಾರೂ ಎಣಿಸಲಿಲ್ಲ.

ಕತೆ ಮುಗಿಯಿತು. ಮರುಳಯ್ಯ ತಲೆ ತಗ್ಗಿಸಿ ಕೂತಿದ್ದ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ನೀನೂ ಚೆನ್ನಾಗಿದ್ದೇನೆ ಅಂದೆಯಲ್ಲ ಮಗೂ, ಎಲ್ಲಿ, ಒಂದು ಸಲ ಕೈ ಎತ್ತು ನೋಡೋಣ."