ನಿಂಬೆವ್ವ ಕಳಿಸಿದ ತಾವರೆ

ಮಗ್ಗುಲಾಗಿ ಮಲಗು, ಕಾಲು ಆಡಿಸಬೇಡ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ ಸಾವಂತ್ರೆವ್ವ ಅಂತ ಕಸೂತಿ ಹಾಕುವವಳೊಬ್ಬಳು ಇದ್ದಳಂತೆ. ಬಾಯಿ ತೆರೆದರೆ ಬೈಗುಳ, ಪ್ರೀತಿಯೆಲ್ಲ ಸೂಜಿಯಲ್ಲಿ. ಒಬ್ಬಳೇ ಮಗಳು ನಿಂಬೆವ್ವ. ಅವಳ ಮದುವೆಯ ಕರಿ ಸೀರೆಯ ಸೆರಗಿಗೆ ತಾಯಿ ದೊಡ್ಡ ತಾವರೆ ಹಾಕಿದಳಂತೆ. ತಾವರೆ ಅಂದರೆ ತಾಯಿಯ ಮಡಿಲು, ನೀನು ಎಲ್ಲಿದ್ದರೂ ಇದರೊಳಗೇ ಇದ್ದೀ ಅಂತ ಅದರ ಅರ್ಥ. ಬಾಯಲ್ಲಿ ಮಾತ್ರ, ಗಂಡನ ಮನೆಯಿಂದ ಹಬ್ಬಕ್ಕೊಂದು ತಾವರೆ ಬಟ್ಟೆ ತುಂಡಿಗೆ ಹಾಕಿ ಕಳಿಸು, ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಹಾಕಿದೆಯೋ ನೋಡು ಅಂದಳಂತೆ.

ಆಮೇಲೆ ಪಂಚಮಿಗೆ ಸೂಜಿ ಮಾರುವವಳ ಕೈಯಲ್ಲಿ ಒಂದು ತಾವರೆ ಬಂತಂತೆ. ಸಾವಂತ್ರೆವ್ವ ತಿರುವಿ ನೋಡಿದರೆ ಹಿಂದೆ ನಾಲ್ಕಾರು ಗಂಟು. ಗಂಡನ ಮನೆಯ ತುಪ್ಪ ತಿಂದು ಮೈಗಳ್ಳಿಯಾದಳು ಅಂತ ಬೈದು, ಬಿಚ್ಚಿ ಮತ್ತೆ ಹಾಕು ಅಂತ ತಿರುಗಿ ಕಳಿಸಿದಳಂತೆ. ಆಮೇಲೆ ದೀಪಾವಳಿಗೆ ಬಂದದ್ದರ ಹಿಂದೆ ಗಂಟೋ ಗಂಟು, ಜೋಳ ಚೆಲ್ಲಿದ ಹಾಗೆ. ನೆರೆಮನೆಯ ಬಸಲಿಂಗವ್ವ, ಕೂಸಿಗೆ ಏನಾಗ್ಯದೋ, ಹೋಗಿ ನೋಡಿ ಬಾರವ್ವ ಅಂದಳಂತೆ. ಇವಳು, ಊರ ಮುಂದೆ ನನ್ನ ಮಾನ ಕಳೀತಾಳೆ ಅಂತ ಅದನ್ನೂ ತಿರುಗಿ ಕಳಿಸಿದಳಂತೆ.

ಯುಗಾದಿಗೆ ನಿಂಬೆವ್ವನ ಪುಟ್ಟ ನಾದಿನಿಯೇ ಮೂರನೆಯದನ್ನು ತಂದಳಂತೆ. ಒಂದೂ ಗಂಟಿಲ್ಲ. ಸಾವಂತ್ರೆವ್ವ ಕಣ್ಣಿಗೊತ್ತಿಕೊಂಡು, ಈಗ ನನ್ನ ಮಗಳಾದಳು ನೋಡು ಅಂದಳಂತೆ. ಹುಡುಗಿ ನೆಲ ನೋಡುತ್ತ ಹೇಳಿತಂತೆ:

"ಅದನ್ನ ಹಾಕಿದಾಕಿ ನಾನವ್ವ. ವೈನಿ ಕೈ ಈಗ ಮಡಚೂದಿಲ್ಲ."

ವೈನಿ ಅಂದರೆ ಅತ್ತಿಗೆ, ನಮ್ಮ ನಿಂಬೆವ್ವ. ಜೋಳ ಬೀಸಿ ಬೀಸಿ ಅವಳ ಬೆರಳು ಒಡೆದಿದ್ದವಂತೆ. ಆ ಒಡಕಿಗೆ ಸಿಕ್ಕಿ ದಾರ ಹರಿಯುತ್ತಿತ್ತಂತೆ, ಅದಕ್ಕೇ ಗಂಟು. ಬಿಚ್ಚಿ ಮತ್ತೆ ಹಾಕುತ್ತ ಕೂತದ್ದಕ್ಕೆ ಜೋಳ ಬೀಸದೆ ಉಳಿದು, ಅತ್ತೆ ಸಿಟ್ಟಾಗಿ ಆ ಕೈಗೆ ಬರೆ ಎಳೆದಳಂತೆ. ನಮ್ಮವ್ವ ಬೈತಾಳೆ, ಗಂಟಿಲ್ಲದೆ ನೀನೇ ಹಾಕಿಕೊಡು ಅಂತ ವೈನಿ ಅತ್ತಳಂತೆ.

ಸಾವಂತ್ರೆವ್ವ ಬುತ್ತಿ ಕೂಡ ಕಟ್ಟದೆ ಹೊರಟಳಂತೆ. ಬಾಗಿಲಿಗೆ ಅಡ್ಡ ನಿಂತ ಬೀಗಿತ್ತಿಯನ್ನು ಸರಿಸಿ ಒಳಗೆ ಹೋದರೆ, ತಾಯಿಯನ್ನು ಕಂಡ ನಿಂಬೆವ್ವ ಹೆದರಿ, ಸುಟ್ಟ ಕೈಯನ್ನು ಸೆರಗಿನಡಿ ಬಚ್ಚಿಟ್ಟಳಂತೆ. ಅದನ್ನು ನೋಡಿ ತಾಯಿ ಪಕ್ಕದಲ್ಲಿ ಕೂತು, ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳಂತೆ.

"ಬೈಯೂದಿಲ್ಲ ನನ್ನ ಕೂಸೇ, ಮನೀಗೆ ನಡಿ."

ಕರೆದುಕೊಂಡು ಬಂದಳಂತೆ. ಎಷ್ಟು ಎಣ್ಣೆ ತಿಕ್ಕಿದರೂ ಕೈ ಸರಿಹೋಗಲಿಲ್ಲ. ದಿನಾ ತಾನೇ ತುತ್ತು ಮಾಡಿ ಉಣಿಸುತ್ತ, ಕೂಸೇ ಅಂತ ಕರೆಯುತ್ತಿದ್ದಳಂತೆ. ಮೊದಮೊದಲು ಆ ಕೂಗಿಗೆ ನಿಂಬೆವ್ವ ಬೆಚ್ಚಿಬೀಳುತ್ತಿದ್ದಳಂತೆ. ಆಮೇಲೆ ಒಂದು ಸಂಜೆ, ಇನ್ನೊಂದು ತುತ್ತು ಕೊಡು ಅಂತ ತಾನಾಗಿ ಬಾಯಿ ತೆರೆದಳಂತೆ. ಕತೆ ಅಲ್ಲಿಗೆ ಮಲಗಿತು, ನೀನೂ ಮಲಗು.