ಒಳಗೆ ಇನ್ನೊಬ್ಬರಿದ್ದಾರೆ

"ಗುರುಗಳೇ, ಮನಸ್ಸನ್ನು ಸುಮ್ಮನಿರಿಸುವುದು ಹೇಗೆ?" ಎಂದು ರೇವಣಸಿದ್ಧ ಕೇಳಿದ.

ಅವನು ಆಶ್ರಮಕ್ಕೆ ಬಂದು ಒಂದು ಮಳೆಗಾಲ ಕಳೆದಿತ್ತು. ಬಾಗಿಲ ತನಕ ಬಂದವರ ಮಾತಿಗೂ ನಿಲ್ಲದೆ ಊರು ಮನೆ ಎಲ್ಲವನ್ನೂ ಬಿಟ್ಟು ಬಂದವನು. "ಜಪಕ್ಕೆ ಕೂತರೆ ಒಳಗೆ ಏನೋ ಓಡುತ್ತಲೇ ಇರುತ್ತದೆ. ಹಲ್ಲು ಕಚ್ಚಿ ಅದುಮುತ್ತೇನೆ. ಆ ಹೊತ್ತಿಗೆ ಅಡಗುತ್ತದೆ, ಮರುದಿನ ಮತ್ತೆ ಅದೇ ಪಾಡು. ಇನ್ನೂ ಗಟ್ಟಿಯಾಗಿ ಅದುಮುವ ಉಪಾಯವಿದ್ದರೆ ಹೇಳಿಕೊಡಿ" ಎಂದ.

ಗುರುಗಳು ಒಗೆದ ಪಂಚೆಯನ್ನು ಹಗ್ಗದ ಮೇಲೆ ಹರವುತ್ತಿದ್ದರು. ಅದರ ಒಂದು ತುದಿಯನ್ನು ಶಿಷ್ಯನ ಕೈಗೆ ಕೊಟ್ಟು, "ಎಳೆದು ಹಿಡಿ. ಹಾಗೇ ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರಿಪೇರಿಗಾರನಿದ್ದ. ಮಿಕ್ಸರ್, ಫ್ಯಾನು, ನೀರೆತ್ತುವ ಮೋಟರು, ಏನು ಕೆಟ್ಟರೂ ಜನ ಅವನ ಅಂಗಡಿಗೆ ತರುತ್ತಿದ್ದರು. ಯಂತ್ರಕ್ಕೆ ಕಿವಿಗೊಟ್ಟು, ಇಂಥ ಕಡೆ ಇದಕ್ಕೆ ನೋವಿದೆ ಎಂದು ಹೇಳುವಷ್ಟು ಪಳಗಿದವನು. ತನ್ನ ಕೈಯಲ್ಲಿ ಸರಿಹೋಗದ ಯಂತ್ರ ಇಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆ ಸುಳ್ಳೂ ಆಗಿರಲಿಲ್ಲ.

ಅವನ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಹೊಸ ಯಂತ್ರಗಳ ನಕ್ಷೆ ನೋಡಲು ಅದು ಅವನಿಗೆ ಬೇಕಾಗುತ್ತಿತ್ತು. ಹೀಗಿರಲು ಅದಕ್ಕೊಂದು ರೋಗ ಹತ್ತಿಕೊಂಡಿತು. ಸಂಜೆ ಅಂಗಡಿಯಿಂದ ಬಂದು ನಕ್ಷೆ ನೋಡಿ ಮುಗಿಸಿ ಬಂದ್ ಮಾಡಲು ಹೋದರೆ ಬಂದ್ ಆಗದು. ಪರದೆಯ ಮೇಲೆ ಏನೋ ಎರಡು ಸಾಲು ಮೂಡುತ್ತಿದ್ದವು. ಅವನು ಅವನ್ನು ಓದದೆ, ಆಗಲಿ ಎಂದು ಒತ್ತಿ ಮುಂದೆ ಹೋಗುತ್ತಿದ್ದ. ಪರದೆ ಕಪ್ಪಾದರೂ ಒಳಗಿನ ಫ್ಯಾನು ತಿರುಗುತ್ತಿತ್ತು. ಅಂಚಿನ ದೀಪ ಉರಿಯುತ್ತಿತ್ತು. ಕಾದು ಕಾದು ಸಿಟ್ಟು ಬಂದು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಅದರ ಉಸಿರು ನಿಲ್ಲುವ ತನಕ ಅದುಮಿ ಹಿಡಿಯುತ್ತಿದ್ದ.

"ಊರಿನ ಯಂತ್ರಗಳೆಲ್ಲ ನನ್ನ ಮಾತು ಕೇಳುತ್ತವೆ. ಮನೆಯದಕ್ಕೆ ಮಾತ್ರ ಕೊಬ್ಬು" ಎಂದು ದಿನವೂ ಬೈಯುತ್ತಿದ್ದ.

ಅವನ ಹೆಂಡತಿ ನೀಲವ್ವ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ, "ಮೊದಲು ಉಣ್ಣಿರಿ, ಅದೆಲ್ಲಿ ಓಡಿಹೋಗುತ್ತದೆ" ಎನ್ನುತ್ತಿದ್ದಳು.

ರಿಪೇರಿಗಾರ ಬಿಡುವ ಆಸಾಮಿಯಲ್ಲ. ಕೆಳಗಿನ ಮುಚ್ಚಳ ಬಿಚ್ಚಿ ಧೂಳು ಊದಿದ. ಬ್ಯಾಟರಿ ತೆಗೆದು ಮತ್ತೆ ಕೂರಿಸಿದ. ಗೆಳೆಯರು ಹೇಳಿದ ಅಪ್‌ಡೇಟುಗಳನ್ನೆಲ್ಲ ಹಾಕಿದ. ಬೇಡವೆನಿಸಿದ್ದನ್ನು ಕಿತ್ತುಹಾಕಿದ. ಸಂಜೆಯಾದರೆ ಮತ್ತೆ ಅದೇ ಹಠ. ದಿನಾ ಕತ್ತು ಹಿಸುಕಿಸಿಕೊಂಡು ಅದು ಈಗ ಬೆಳಿಗ್ಗೆ ಏಳುವುದಕ್ಕೂ ನರಳತೊಡಗಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತವನು, "ಇವತ್ತು ಅದರ ಹೊಟ್ಟೆಯಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಬಿಡುತ್ತೇನೆ. ನನ್ನ ನಕ್ಷೆಗಳನ್ನು ಬೇರೆ ಕಡೆ ತೆಗೆದಿಟ್ಟಿದ್ದೇನೆ" ಎಂದ.

ಪಲ್ಯ ಬಡಿಸುತ್ತಿದ್ದ ನೀಲವ್ವನ ಕೈ ನಿಂತಿತು. "ಎಲ್ಲವನ್ನೂ ಅಳಿಸುತ್ತೀರಾ?"

"ಎಲ್ಲವನ್ನೂ."

"ಹಾಗಾದರೆ ಸಂಜೆಯ ತನಕ ಬಿಡಿರಿ" ಎಂದಳು.

ಯಾಕೆಂದು ಅವನು ಕೇಳಲಿಲ್ಲ. ಕೈ ತೊಳೆದು ಅಂಗಡಿಗೆ ಹೋದ.

ಸಂಜೆ ಬಂದು ಯಂತ್ರವನ್ನು ಮುಂದಿಟ್ಟುಕೊಂಡ. ಅಳಿಸುವ ಮುಂಚೆ ಕಡೆಯದಾಗಿ ಒಮ್ಮೆ ಬಂದ್ ಮಾಡಿ ನೋಡೋಣವೆಂದು ಒತ್ತಿದ. ಆ ಎರಡು ಸಾಲು ಮೂಡಿದವು. ಬೆರಳು ವಾಡಿಕೆಯಂತೆ ಮುಂದೆ ಹೋಯಿತು. ಆಗ ಅವನಿಗೆ ಬಡಿಸುತ್ತ ಬಡಿಸುತ್ತ ನಿಂತುಹೋದ ಕೈ ನೆನಪಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಕೈ ಹಾಗೆ ನಿಂತದ್ದನ್ನು ಅವನು ಕಂಡಿರಲಿಲ್ಲ. ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ಆ ಸಾಲುಗಳನ್ನು ಮೊದಲ ಸಲ ಓದಿದ.

ಇನ್ನೊಬ್ಬರು ಇನ್ನೂ ಒಳಗಿದ್ದಾರೆ, ಈಗ ಬಂದ್ ಮಾಡಿದರೆ ಅವರು ಉಳಿಸಿಕೊಳ್ಳದ ಕೆಲಸ ಕಳೆದುಹೋದೀತು, ಎಂದಿತ್ತು.

ಬೇಸಿಗೆಯಲ್ಲಿ ತವರಿಗೆ ಬಂದಿದ್ದ ಮಗಳು ಆ ಯಂತ್ರದಲ್ಲಿ ತಾಯಿಗೂ ಒಂದು ಖಾತೆ ಮಾಡಿಟ್ಟು ಹೋಗಿದ್ದಳು. ತೆರೆದಾಗಲೆಲ್ಲ ಅವನ ಹೆಸರಿನ ಕೆಳಗೆ ನೀಲವ್ವನ ಹೆಸರೂ ಕಾಣುತ್ತಿತ್ತು. ಮಗಳ ಹುಡುಗಾಟಿಕೆ ಎಂದು ಅವನು ಅದನ್ನು ನೋಡಿಯೂ ನೋಡದೆ ಬಿಟ್ಟಿದ್ದ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. "ಒಳಗಿರುವವಳು ನೀನೇನು?" ಎಂದು ಕೇಳಿದ.

ನೀಲವ್ವನ ಕಣ್ಣು ತುಂಬಿತು. "ಅದನ್ನು ಕೆಡಿಸಿದವಳು ನಾನೇ ಇರಬೇಕು. ನೀವು ಅಂಗಡಿಗೆ ಹೋದ ಮೇಲೆ ತೆರೆಯುತ್ತಿದ್ದೆ. ನೀವು ಬರುವ ಹೊತ್ತಿಗೆ ಮುಚ್ಚಳ ಮುಚ್ಚಿ ಎದ್ದುಬಿಡುತ್ತಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ದಿನಾ ಅದರ ಮೇಲೆ ಸಿಟ್ಟಾಗಿರುತ್ತಿದ್ದಿರಿ."

ಅವಳು ಪೆಟ್ಟಿಗೆಯಿಂದ ಒಂದು ಹಳೆಯ ಸೆರಗನ್ನು ತಂದು ಬಿಚ್ಚಿದಳು. ಅವಳ ತಾಯಿ ಕಸೂತಿ ಹಾಕಿದ ಸೆರಗು. ಬಟ್ಟೆ ಜೀರ್ಣವಾಗಿತ್ತು. ಮಡಿಕೆ ಬಿಚ್ಚಿದಾಗಲೆಲ್ಲ ಒಂದಷ್ಟು ಎಳೆ ಕಡಿಯುತ್ತಿದ್ದವು. ಪೂರ್ತಿ ಹೋಗುವ ಮುಂಚೆ, ಎಳೆ ಎಣಿಸಿ ಎಣಿಸಿ, ಅದರ ಮೇಲಿನ ಗೋಪುರದ ಚಿತ್ತಾರವನ್ನು ಪರದೆಯ ಚೌಕಗಳಲ್ಲಿ ಬಣ್ಣ ತುಂಬಿ ಇಳಿಸಿಕೊಳ್ಳಬೇಕೆಂದು ಅವಳು ಕೂರುತ್ತಿದ್ದಳು. ಮಗಳು ಅಷ್ಟನ್ನು ಕಲಿಸಿ, ಮುಗಿದ ಮೇಲೆ ಉಳಿಸಿಡು ಎಂದಿದ್ದಳು. ಗೋಪುರ ಮುಗಿಯುತ್ತಲೇ ಇರಲಿಲ್ಲ. ಮರುದಿನ ತೆರೆದರೆ ಚೌಕಗಳೆಲ್ಲ ಖಾಲಿ. ತನ್ನ ಕೈಯಲ್ಲೇ ಏನೋ ತಪ್ಪಿದೆ ಎಂದುಕೊಂಡು ಅವಳು ಯಾರನ್ನೂ ದೂರದೆ ಬುಡದಿಂದ ಮತ್ತೆ ಶುರು ಮಾಡುತ್ತಿದ್ದಳು.

"ಇಲ್ಲೊಂದು ನವಿಲಿತ್ತು. ಗೋಪುರ ಮುಗಿಸಿ ಇದಕ್ಕೆ ಬರೋಣವೆಂದಿದ್ದೆ" ಎಂದು ಸೆರಗಿನ ಮೂಲೆ ತೋರಿಸಿದಳು. ಅಲ್ಲಿ ಈಗ ಅಂಗೈಯಗಲದ ತೂತಿತ್ತು.

ರಿಪೇರಿಗಾರ ನೆಲದ ಮೇಲೆ ಕೂತುಬಿಟ್ಟ. ತನ್ನ ಹೆಬ್ಬೆರಳನ್ನು ಅವಳ ಮುಂದೆ ಚಾಚಿ, "ತಪ್ಪು ನಿನ್ನ ಕೈಯದಲ್ಲ. ನೀನು ಹಗಲೆಲ್ಲ ಕಟ್ಟಿದ್ದನ್ನು ದಿನಾ ಸಂಜೆ ಅಳಿಸಿದ್ದು ಇದು" ಎಂದ.

ನೀಲವ್ವ ಆ ಬೆರಳನ್ನು ಹಿಡಿದು ನೋಡಿದಳು. ಗ್ರೀಸು ಮೆತ್ತಿತ್ತು. ಉಟ್ಟ ಸೀರೆಯಿಂದ ಒರೆಸಿ ಶುಚಿ ಮಾಡಿ, "ಹಾಗಾದರೆ ಇದೇ ಕೈಯಿಂದ ಬಟ್ಟೆ ಹಿಡಿಯಿರಿ. ಎಳೆ ಎಣಿಸಲು ನನ್ನ ಕಣ್ಣು ಸಾಲುತ್ತಿಲ್ಲ" ಎಂದಳು.

ಆಮೇಲಿನ ದಿನಗಳಲ್ಲಿ ಅವನು ಬಿಸಿಲಿರುವಾಗಲೇ ಅಂಗಡಿ ಮುಚ್ಚಿ ಬರತೊಡಗಿದ. ಅವನು ಸೆರಗನ್ನು ಬೆಳಕಿಗೆ ಹಿಡಿದು ಎಣಿಸುವನು, ಅವಳು ಚೌಕ ತುಂಬುವಳು. ಕೆಲಸ ಮುಗಿಯುವ ತನಕ ಕಾಯದೆ ಆಗಾಗ ಉಳಿಸುವುದನ್ನು ಅವನು ಅವಳಿಗೆ ತೋರಿಸಿಕೊಟ್ಟ. ಅವನ ಲೆಕ್ಕ ತಪ್ಪಿದಾಗ ಅವಳು ನಕ್ಕು, "ಇದು ಮೋಟರಲ್ಲ, ಮೆಲ್ಲಗೆ" ಎನ್ನುವಳು. ಗೋಪುರ ಕಳಸದ ತನಕ ಎದ್ದಿತು.

ಮೂಲೆಗೆ ಬಂದಾಗ ರಿಪೇರಿಗಾರ, "ನವಿಲು ಹೇಗಿತ್ತೆಂದು ನೆನಪು ಮಾಡಿಕೊ, ಹಾಕೋಣ" ಎಂದ.

ಅವಳು ಕಣ್ಣು ಮುಚ್ಚಿ ನೋಡಿದಳು. "ಅವ್ವನ ಹೆಗಲ ಮೇಲೆ ಇದ್ದದ್ದು ನೆನಪಿದೆ. ಎಳೆ ನೆನಪಿಲ್ಲ. ಅಷ್ಟು ಜಾಗ ಹಾಗೇ ಇರಲಿ" ಎಂದಳು. ಆ ಜಾಗವನ್ನು ಅವರು ಖಾಲಿ ಬಿಟ್ಟರು.

ಆ ದಿನ ನೀಲವ್ವ ತನ್ನ ಕೆಲಸವನ್ನು ಉಳಿಸಿ, ತನ್ನ ಖಾತೆಯಿಂದ ತಾನೇ ಹೊರಗೆ ಬಂದಳು. ರಿಪೇರಿಗಾರ ಬಂದ್ ಮಾಡಲು ಒಮ್ಮೆ ಮೆಲ್ಲಗೆ ತಟ್ಟಿದ. ಸಾಲುಗಳು ಮೂಡಲಿಲ್ಲ. ಫ್ಯಾನು ನಿಂತಿತು, ದೀಪ ತಾನಾಗಿ ಆರಿತು. ಇಬ್ಬರೂ ಮಲಗಿದ ಮಗುವನ್ನು ನೋಡುವಂತೆ ಅದನ್ನು ನೋಡುತ್ತ ಕೂತರು.

ಗುರುಗಳು ಕತೆ ನಿಲ್ಲಿಸಿ ಪಂಚೆಯ ಸುಕ್ಕು ತೀಡಿದರು.

ರೇವಣಸಿದ್ಧ ನಿಟ್ಟುಸಿರು ಬಿಟ್ಟ. "ಅವನು ಪುಣ್ಯವಂತ, ಗುರುಗಳೇ. ಅವನ ಯಂತ್ರ ಬರೆದು ತೋರಿಸುತ್ತಿತ್ತು, ಓದಿದರೆ ತಿಳಿಯುತ್ತಿತ್ತು. ನನಗೆ ಯಾರು ಏನು ಹೇಳಿದ್ದಾರೆ?" ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು, "ನೀನು ಮನೆ ಬಿಟ್ಟು ಹೊರಟಾಗ ಬಾಗಿಲ ತನಕ ಬಂದು ನಿಂತವರು ಏನು ಹೇಳಬೇಕೆಂದಿದ್ದರು, ಮಗೂ?" ಎಂದರು.