ಸಣ್ಣಿಹೊಳೆ ಗುಡ್ಡ ಸುತ್ತಿ ಬಂದದ್ದು

“ಉಡದಣ್ಣಾ, ದೊಡ್ಡಹೊಳೆಗೆ ದಾರಿ ಯಾವ ಕಡೆ?”

ಹಾಗೆ ಕೇಳಿದವಳು ಸಣ್ಣಿಹೊಳೆ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿದ್ದ ಉಡ ಒಂದು ಕಣ್ಣು ಮಾತ್ರ ತೆರೆಯಿತು.

“ಬೆಳಗ್ಗೆಯಿಂದ ನೋಡ್ತಾ ಇದ್ದೀನಿ ಕಣಮ್ಮ. ಪಡುವಣಕ್ಕೆ ಹೋದೆ, ಬಂಡೆಗೆ ಹಣೆ ಹೊಡಕೊಂಡೆ. ಬಡಗಣಕ್ಕೆ ಹೋದೆ, ಅಲ್ಲೂ ಬಂಡೆ. ಈಗ ಮೂಡಣಕ್ಕೆ ಬಂದಿದ್ದೀಯ. ಬೋರೆಗುಡ್ಡಕ್ಕೆ ಹರಕೆ ಹೊತ್ತಿದ್ದೀಯೋ ಹೇಗೆ?”

“ಈ ಗುಡ್ಡವೇ ಸರಿಯಿಲ್ಲ,” ಎಂದಳು ಸಣ್ಣಿ. ದಾರಿ ತಪ್ಪಿದವರು ಮೊದಲು ಬೈಯುವುದು ಗುಡ್ಡವನ್ನೇ. ನಾನು ಸುತ್ತಿದ ಊರುಗಳಲ್ಲೆಲ್ಲ ಹೀಗೇ, ಪುಟ್ಟೀ.

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆಗಳಿಗೆ ಆಗ ಖಾಯಂ ದಾರಿ ಇರಲಿಲ್ಲ. ಬೇಸಿಗೆಯಲ್ಲಿ ನೆಲದೊಳಗೆ ಮಲಗುವುದು, ಮಳೆ ಬಂದಾಗ ಎದ್ದು ದಾರಿ ಕೇಳುತ್ತ ಹೊರಡುವುದು. ದೊಡ್ಡಹೊಳೆ ಸೇರಿದರೆ ಸಮುದ್ರ ನೋಡಬಹುದು. ಸೇರದಿದ್ದರೆ ಬಯಲಲ್ಲೇ ಇಂಗಿಹೋಗಬೇಕು.

“ದಾರಿ ಇರೋದು ಒಂದೇ,” ಎಂದಿತು ಉಡ. “ತೆಂಕಣದ ಸಂದು. ಹೋದ ವರ್ಷ ಅಲ್ಲಿಂದಲೇ ಹೋದೆಯಲ್ಲ? ಹೊಂಡಜ್ಜಿಯ ಮನೆ ಮುಂದೆ.”

ಸಣ್ಣಿಯ ನೀರು ಕೆಂಪಾಯಿತು. ಮಣ್ಣಿನಿಂದ ಎಂದು ಉಡ ಅಂದುಕೊಂಡಿತು. ಮಣ್ಣಿನಿಂದ ಅಲ್ಲ.

ಹೋದ ವರ್ಷ ಮೊದಲ ಮಳೆ ತುಂತುರು ಹನಿಸಿ ನಿಂತುಬಿಟ್ಟಿತ್ತು. ಸಣ್ಣಿ ಆಗ ದಾರದಷ್ಟು ತೆಳ್ಳಗಿದ್ದಳು. ಗುಡ್ಡ ಇಳಿದು ತೆಂಕಣದ ಸಂದಿಗೆ ಬರುವಷ್ಟರಲ್ಲಿ ಉಸಿರು ಮುಗಿಯಿತು. ಅಲ್ಲಿದ್ದದ್ದು ಹೊಂಡಜ್ಜಿ, ಒಂದು ಪುಟ್ಟ ಹಳೇ ಹೊಂಡ. ಅವಳ ಹತ್ತಿರ ಇದ್ದದ್ದೇ ಸ್ವಲ್ಪ ನೀರು, ಅದರ ತುಂಬ ಕಪ್ಪೆಮರಿಗಳು. ಆದರೂ ತನ್ನ ಏರಿಯನ್ನು ತಾನೇ ಒಡೆದು ಅರ್ಧ ನೀರು ಕೊಟ್ಟಳು.

“ಮಳೆ ಬಂದ ಕೂಡಲೇ ತಂದುಕೊಡ್ತೀನಿ ಅಜ್ಜಿ,” ಎಂದಿದ್ದಳು ಸಣ್ಣಿ.

ಮಳೆ ಬಂತು. ಎಂಥ ಮಳೆ! ಸಣ್ಣಿ ತುಂಬಿಕೊಂಡು, ನೊರೆ ಮುಡಿದುಕೊಂಡು, ಗೆಳತಿಯರಾದ ಮೇಲುಗಡೆಯ ಎರಡು ಹಳ್ಳಗಳ ಜೊತೆ ಕುಣಿಯುತ್ತ ಅದೇ ಸಂದಿಗೆ ಬಂದಳು. ಗೆಳತಿಯರು ಹೊಂಡವನ್ನು ನೋಡಿ ಮೂಗು ಮುಚ್ಚಿಕೊಂಡರು.

“ಅಯ್ಯೇ, ಪಾಚಿ! ಇದು ನಿಮ್ಮ ಕಡೆಯವರೇನೇ?”

“ಛೆ, ನಾನು ಇವರನ್ನ ನೋಡೇ ಇಲ್ಲ,” ಎಂದುಬಿಟ್ಟಳು ಸಣ್ಣಿ. ಆಚೆ ದಡಕ್ಕೆ ಅಂಟಿಕೊಂಡು, ಒಂದು ಹನಿಯೂ ಈಚೆ ಸಿಡಿಯದಂತೆ ದಾಟಿಹೋದಳು.

ಈ ವರ್ಷ ಅವಳು ಗುಡ್ಡ ಸುತ್ತಿದ್ದು ಅದಕ್ಕೇ.

“ಅಜ್ಜಿ ಹೇಗಿದ್ದಾರೆ?” ನೆಲ ನೋಡುತ್ತ ಕೇಳಿದಳು.

“ಏರಿ ಒಡೆದಿದೆ. ಬಿದ್ದ ಮಳೆನೀರು ಒಳಗೆ ನಿಲ್ಲೋದಿಲ್ಲ. ಇನ್ನು ಎರಡು ದಿನಕ್ಕೆ ಕಪ್ಪೆಮರಿಗಳ ಬಾಲ ಒಣಗುತ್ತೆ,” ಎಂದು ಉಡ ಕಣ್ಣು ಮುಚ್ಚಿತು.

ಸಣ್ಣಿ ತೆಂಕಣಕ್ಕೆ ಹೊರಟಳು. ಲಕ್ಕಿ ಪೊದೆಗಳ ಮರೆಯಲ್ಲಿ, ಸದ್ದಿಲ್ಲದೆ, ಮುಖ ತಗ್ಗಿಸಿ ಹೊರಟಳು. ಕೊಡಬೇಕಾದ ನೀರನ್ನು ದೂರದಿಂದಲೇ ರಭಸವಾಗಿ ಸುರಿದು ಓಡಿಬಿಡೋಣ ಎಂದುಕೊಂಡಿದ್ದಳು. ಮುಖ ತೋರಿಸುವ ಗೋಜೇ ಬೇಡ. ಸಂದಿಗೆ ಬಂದವಳೇ ನುಗ್ಗಿದಳು.

“ನಿಧಾನ ಕಣೇ!” ಎಂದಳು ಹೊಂಡಜ್ಜಿ. “ಮರಿಗಳಿವೆ. ಹಾಗೆ ನುಗ್ಗಿದರೆ ಕೊಚ್ಚಿಹೋಗ್ತಾವೆ. ಕೆಸರು ಬೇರೆ ತಂದಿದ್ದೀಯ. ಬಿಸಿಲಲ್ಲಿ ಬಂದಿದ್ದೀಯ, ಸ್ವಲ್ಪ ಕೂತ್ಕೋ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಣ್ಣಿ ಕೂತಳು. ಕೂತರೆ ಕೆಸರು ಇಳಿಯಿತು. ಕೆಸರು ಇಳಿದರೆ ನೀರು ತಿಳಿಯಾಯಿತು. ನೀರು ತಿಳಿಯಾದರೆ ಅಜ್ಜಿಯ ಮುಖ ಎದುರಿಗೇ ಕಂಡಿತು.

“ಅಜ್ಜಿ, ಆವತ್ತು ನಾನು ನಿಮ್ಮನ್ನ ನೋಡೇ ಇಲ್ಲ ಅಂದೆ.”

“ಕೇಳಿಸ್ತು.”

“ಕೇಳಿಸಿರಲಾರದು ಅಂದುಕೊಂಡಿದ್ದೆ.”

“ನನ್ನ ಕಪ್ಪೆಗಳು ಮೂರು ದಿನ ವಟಗುಟ್ಟಲಿಲ್ಲ. ಅವು ಸುಮ್ಮನಿದ್ದದ್ದು ಅದೊಂದೇ ಸಲ,” ಎಂದಳು ಅಜ್ಜಿ. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.

ಸಣ್ಣಿ ತಾನು ಹೊತ್ತು ತಂದ ಕೆಸರನ್ನು ಒಡೆದ ಏರಿಗೆ ಮೆತ್ತಿದಳು. ಆಮೇಲೆ ಇಸಕೊಂಡ ಅರ್ಧ ಹೊಂಡದ ನೀರನ್ನು ಸ್ವಲ್ಪಸ್ವಲ್ಪವಾಗಿ, ಒಂದು ಮರಿಯೂ ಅಲುಗದಂತೆ ಒಳಗೆ ಬಿಟ್ಟಳು. ಆ ಸೀಮೆಯಲ್ಲಿ ಮಜ್ಜಿಗೆ ಇಸಕೊಂಡ ಚೊಂಬನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಚೂರು ಬೆಲ್ಲವಾದರೂ ಇಟ್ಟು ಕೊಡುತ್ತಾರೆ. ಸಣ್ಣಿಯ ಹತ್ತಿರ ಬೆಲ್ಲವಿರಲಿಲ್ಲ. ಉಗುರಿನಷ್ಟು ದೊಡ್ಡ ಏಳು ಬೆಳ್ಳಿಮೀನುಗಳಿದ್ದವು. ಅವನ್ನೂ ಬಿಟ್ಟಳು.

ಸಂಜೆಗೆ ಹೊಂಡ ತುಂಬಿತು. ಮೊದಲು ಒಂದು ಕಪ್ಪೆ ವಟ್ ಎಂದಿತು. ಆಮೇಲೆ ಇನ್ನೊಂದು.

“ಇನ್ನು ಹೋಗು, ಕತ್ತಲಾಗುತ್ತೆ,” ಎಂದಳು ಹೊಂಡಜ್ಜಿ. “ಮುಂದಿನ ವರ್ಷ ಯಾರನ್ನೂ ದಾರಿ ಕೇಳಬೇಡ. ಹೀಗೇ ಬಾ.”

ನೀನೂ ನೋಡಿದ್ದೀಯಲ್ಲ ಪುಟ್ಟೀ, ಸಣ್ಣಿಹೊಳೆ ಇವತ್ತಿಗೂ ಬೋರೆಗುಡ್ಡದ ಮೂರು ಮಗ್ಗುಲು ಸುತ್ತಿ, ಲಕ್ಕಿ ಪೊದೆಗಳಲ್ಲಿ ಮುಖ ಮರೆಸಿಕೊಂಡು ಬರುತ್ತಾಳೆ. ತೆಂಕಣದ ಸಂದಿಯಲ್ಲಿ ಸದ್ದಿಲ್ಲದೆ ನಿಂತು, ತಿಳಿಯಾಗಿ, ಆ ಪುಟ್ಟ ಹೊಂಡವನ್ನು ಅಂಚಿನವರೆಗೆ ತುಂಬಿಕೊಟ್ಟ ಮೇಲೆಯೇ ದೊಡ್ಡಹೊಳೆಯ ಕಡೆ ತಿರುಗುತ್ತಾಳೆ.